ಸ್ಟಾರ್ಟಪ್ ಕಂಪನಿಯ ಗಾಡಿಗೆ ಕಾಯುವುದು ಹೇಗೆ? ಬುಕಿಂಗ್‌ನಿಂದ ಡೆಲಿವರಿವರೆಗೆ ಪೂರ್ತಿ ಮಾರ್ಗದರ್ಶಿ

2021ರ ಜುಲೈ 15ರಂದು ಓಲಾ ಎಲೆಕ್ಟ್ರಿಕ್ 499 ರೂಪಾಯಿಗೆ ಸ್ಕೂಟರ್ ಬುಕಿಂಗ್ ಶುರು ಮಾಡಿತು. ಒಂದೇ ದಿನದಲ್ಲಿ ಒಂದು ಲಕ್ಷ ಬುಕಿಂಗ್ ಬಂತು ಎಂದು ಕಂಪನಿ ಹೇಳಿಕೊಂಡಿತು. ತಮಾಷೆ ಏನೆಂದರೆ, ಆಗ ಗಾಡಿಯ ಬೆಲೆ ಎಷ್ಟು ಅಂತ ದುಡ್ಡು ಕಟ್ಟಿದ ಯಾರಿಗೂ ಗೊತ್ತಿರಲಿಲ್ಲ. ಬೆಲೆ ಹೊರಬಿದ್ದದ್ದು ಆಗಸ್ಟ್ 15ಕ್ಕೆ. ಮೊದಲ ಗಾಡಿಗಳು ಗ್ರಾಹಕರ ಕೈ ಸೇರಿದ್ದು ಡಿಸೆಂಬರ್ 15ಕ್ಕೆ.

ಇದು ಕಡಿಮೆ ಕಾದವರ ಕಥೆ. ಸಿಂಪಲ್ ಎನರ್ಜಿಯೂ ಅದೇ ಆಗಸ್ಟ್ 15ರಂದು ಸಿಂಪಲ್ ಒನ್ ಸ್ಕೂಟರನ್ನು 1.10 ಲಕ್ಷ ರೂಪಾಯಿ ಬೆಲೆಗೆ ಘೋಷಿಸಿತು. ಬುಕಿಂಗ್‌ಗೆ 1,947 ರೂಪಾಯಿ. ಅದು ಮಾರಾಟಕ್ಕೆ ಬರುವಷ್ಟರಲ್ಲಿ 2023ರ ಮೇ ತಿಂಗಳಾಗಿತ್ತು, ಬೆಲೆ 1.45 ಲಕ್ಷ ಆಗಿತ್ತು. ಅಲ್ಟ್ರಾವೈಲೆಟ್‌ನವರು ಎಫ್77 ಬೈಕನ್ನು 2019ರ ನವೆಂಬರಿನಲ್ಲಿ ತೋರಿಸಿ 2022ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಿಟ್ಟರು. ಏಥರ್ ತನ್ನ ಎಸ್340 ಸ್ಕೂಟರನ್ನು ಜನರ ಮುಂದೆ ಇಟ್ಟಿದ್ದು 2016ರ ಫೆಬ್ರುವರಿಯಲ್ಲಿ, ಗ್ರಾಹಕರು ಏಥರ್ ಗಾಡಿ ಓಡಿಸಿದ್ದು 2018ರಲ್ಲಿ.

ನಾಲ್ಕೂ ಬೆಂಗಳೂರಿನ ಕಂಪನಿಗಳೇ. ನಾಲ್ಕೂ ತಡವಾಗಿಯಾದರೂ ಗಾಡಿ ಕೊಟ್ಟವು. ಕೊಡದೆ ಬಾಗಿಲು ಹಾಕಿದ ಕಂಪನಿಗಳೂ ಹೊರಗೆ ಸಾಕಷ್ಟಿವೆ. ಹಾಗಾಗಿ ಈಗ ಸ್ಕೂಟರಿಗೋ ಬೈಕಿಗೋ ಕಾರಿಗೋ ಹೊಸ ಕಂಪನಿಯೊಂದರ ಸಾಲಿನಲ್ಲಿ ನಿಂತಿರುವವರು, ನಿಲ್ಲಬೇಕು ಅಂತಿರುವವರು ಏನು ಮಾಡಬೇಕು ಅನ್ನುವುದನ್ನು ಒಂದೊಂದಾಗಿ ನೋಡೋಣ.

ಮೊದಲ ಹೆಜ್ಜೆ: ದಿನಾಂಕ ಬಿಡಿ, ಗಾಡಿ ಯಾವ ಹಂತದಲ್ಲಿದೆ ನೋಡಿ

ಹೊಸ ಕಂಪನಿ ಹೇಳುವ ಡೆಲಿವರಿ ತಿಂಗಳು ಅದರ ಆಸೆ ಅಷ್ಟೇ. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ಮೊದಲ ಸಲ ಗಾಡಿ ಮಾಡುವವರಿಗೆ ಅದೆಷ್ಟು ದಿನ ಹಿಡಿಯುತ್ತದೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಒಂದು ಗಾಡಿಯನ್ನು ಚೆನ್ನಾಗಿ ಮಾಡುವುದು ಒಂದು ಕೆಲಸ. ಅದೇ ಗಾಡಿಯನ್ನು ದಿನಕ್ಕೆ ನೂರರಂತೆ, ಎಲ್ಲವೂ ಒಂದೇ ಥರ ಇರುವಂತೆ ಮಾಡುವುದು ಬೇರೆಯೇ ಕೆಲಸ.

ಗಾಡಿ ನಿಮ್ಮ ಮನೆ ತಲುಪುವ ಮೊದಲು ಐದು ಹಂತ ದಾಟಬೇಕು. ವೇದಿಕೆ ಮೇಲೆ ತೋರಿಸುವ ಮಾದರಿ ಮೊದಲನೆಯದು. ಆಮೇಲೆ ಸರ್ಕಾರ ಒಪ್ಪಿದ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಇಂಥ ಸಂಸ್ಥೆಗಳು. ಇದಿಲ್ಲದೆ ಆರ್‌ಟಿಓದಲ್ಲಿ ನೋಂದಣಿಯೇ ಆಗುವುದಿಲ್ಲ. ಮೂರನೆಯದು ಕಾರ್ಖಾನೆಯ ಸಾಲಿನಲ್ಲಿ ನಿಜವಾದ ಉತ್ಪಾದನೆ. ನಾಲ್ಕನೆಯದು ಕಂಪನಿಯ ಸ್ವಂತ ಊರಿನಲ್ಲಿ ಮೊದಲ ಡೆಲಿವರಿಗಳು. ಕೊನೆಯದು ನಿಮ್ಮ ಊರಿನ ಡೆಲಿವರಿ. ಏಥರ್ ಮೊದಲು ಬೆಂಗಳೂರಿನಲ್ಲಿ ಮಾತ್ರ ಮಾರಿತು, ಆಮೇಲೆ ಚೆನ್ನೈಗೆ ಹೋಯಿತು. ಆಗ ಶಿರಸಿಯಲ್ಲೋ ರಾಯಚೂರಿನಲ್ಲೋ ಕೂತು ಕಾಯುವವರಿಗೆ ನಾಲ್ಕನೇ ಹಂತಕ್ಕೂ ಐದನೇ ಹಂತಕ್ಕೂ ನಡುವೆ ವರ್ಷಗಳೇ ಇದ್ದವು.

ಕಂಪನಿ ಈಗ ಯಾವ ಹಂತದಲ್ಲಿದೆ ಅಂತ ಕೇಳಿ. ಶೋರೂಂ ಹುಡುಗನಿಗೆ "ಯಾವಾಗ ಬರುತ್ತೆ?" ಅಂದರೆ "ಮುಂದಿನ ತಿಂಗಳು ಸರ್" ಅಂತಾನೆ, ಪಾಪ, ಅವನಿಗೂ ಅಷ್ಟೇ ಹೇಳಿಕೊಟ್ಟಿರುತ್ತಾರೆ. ಬದಲಿಗೆ "ಎಆರ್‌ಎಐ ಸರ್ಟಿಫಿಕೇಟ್ ಬಂದಿದೆಯಾ? ಕಾರ್ಖಾನೆಯಲ್ಲಿ ಉತ್ಪಾದನೆ ಶುರುವಾಗಿದೆಯಾ? ಇದುವರೆಗೆ ಎಷ್ಟು ಗಾಡಿ ರಿಜಿಸ್ಟರ್ ಆಗಿವೆ?" ಅಂತ ಕೇಳಿ ನೋಡಿ. ಉತ್ತರ ಬರುವ ರೀತಿಯಲ್ಲೇ ಅರ್ಧ ವಿಷಯ ತಿಳಿಯುತ್ತದೆ.

ತಡವಾಗಲು ಕಾರಣ ಕೆಲವೊಮ್ಮೆ ಕಂಪನಿಯ ಕೈಯಲ್ಲಿ ಇರುವುದಿಲ್ಲ. 2021, 2022ರಲ್ಲಿ ಚಿಪ್‌ಗಳ ಕೊರತೆ ಇಡೀ ಜಗತ್ತಿನ ವಾಹನ ಕಾರ್ಖಾನೆಗಳನ್ನು ಕಾಡಿತು. 2022ರ ಬೇಸಿಗೆಯಲ್ಲಿ ದೇಶದ ಹಲವು ಕಡೆ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಹತ್ತಿಕೊಂಡ ಮೇಲೆ, ಸರ್ಕಾರ ಬ್ಯಾಟರಿ ಸುರಕ್ಷತೆಯ ಎಐಎಸ್-156 ನಿಯಮವನ್ನು ಬಿಗಿ ಮಾಡಿತು. ಅದು 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಕೊನೆ, ಹೀಗೆ ಎರಡು ಹಂತದಲ್ಲಿ ಜಾರಿಯಾಯಿತು. ಬ್ಯಾಟರಿ ವಿನ್ಯಾಸ ಮುಗಿಸಿ ಕೂತಿದ್ದವರೂ ಮತ್ತೆ ಪರೀಕ್ಷೆಗೆ ಹೋಗಬೇಕಾಯಿತು. 2025ರಲ್ಲಿ ಚೀನಾ ಮೋಟಾರಿಗೆ ಬೇಕಾದ ವಿಶೇಷ ಅಯಸ್ಕಾಂತಗಳ ರಫ್ತಿಗೆ ಕಡಿವಾಣ ಹಾಕಿದಾಗ, ಹಳೆಯ ದೊಡ್ಡ ಕಂಪನಿಗಳಿಗೇ ಉತ್ಪಾದನೆ ಕಡಿಮೆ ಮಾಡುವ ಪರಿಸ್ಥಿತಿ ಬಂತು. ಇಂಥ ಕಾರಣಕ್ಕೆ ತಡವಾದರೆ ನಾನು ಕಂಪನಿಯನ್ನು ಬೈಯುವುದಿಲ್ಲ. ಕಾರಣವನ್ನೇ ಹೇಳದೆ ದಿನಾಂಕ ಮಾತ್ರ ಮುಂದೂಡುತ್ತಾ ಹೋದರೆ ಅನುಮಾನ ಪಡುತ್ತೇನೆ.

ಎರಡನೇ ಹೆಜ್ಜೆ: ಹಂತಕ್ಕೆ ತಕ್ಕಷ್ಟೇ ದುಡ್ಡು

ಬುಕಿಂಗ್ ಅಂದರೆ ಖರೀದಿ ಅಲ್ಲ. ಕಂಪನಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟು ಸಾಲಿನಲ್ಲೊಂದು ಜಾಗ ಹಿಡಿಯುವುದು. 499, 999 ರೂಪಾಯಿ ಆದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಹತ್ತು ಸಾವಿರ ದಾಟಿತು ಅಂದರೆ ಯೋಚನೆ ಮಾಡಿ.

ಅಮೆರಿಕದ ಟೆಸ್ಲಾ 2016ರಲ್ಲಿ ಮಾಡೆಲ್ 3 ಕಾರಿಗೆ 1,000 ಡಾಲರ್ ಕಟ್ಟಿಸಿಕೊಂಡಿತು. ಭಾರತದಿಂದಲೂ ಹಲವರು ಕಟ್ಟಿದರು. ಆಗಿನ ಲೆಕ್ಕದಲ್ಲಿ ಹೆಚ್ಚುಕಡಿಮೆ 67 ಸಾವಿರ ರೂಪಾಯಿ. ಆ ಕಾರು ಭಾರತಕ್ಕೆ ಬರಲೇ ಇಲ್ಲ. 2025ರಲ್ಲಿ ಅವರಿಗೆ ಹಣ ವಾಪಸ್ ಕೊಡುತ್ತೇವೆ ಎಂಬ ಮೇಲ್ ಬಂತು. ಅದೇ ವರ್ಷ ಜುಲೈನಲ್ಲಿ ಮುಂಬೈಯಲ್ಲಿ ಶೋರೂಂ ತೆರೆದು ಮಾಡೆಲ್ ವೈ ಅನ್ನು ಸುಮಾರು 60 ಲಕ್ಷಕ್ಕೆ ಮಾರಲು ಶುರು ಮಾಡಿದರು. ಆ 67 ಸಾವಿರವನ್ನು ಶೇಕಡಾ 7ರ ಎಫ್‌ಡಿಯಲ್ಲಿ ಇಟ್ಟಿದ್ದರೆ ಒಂಬತ್ತು ವರ್ಷಕ್ಕೆ 1.2 ಲಕ್ಷ ಆಗುತ್ತಿತ್ತು.

ನನ್ನ ಲೆಕ್ಕ ಹೀಗೆ. ವೇದಿಕೆ ಮೇಲಿನ ಮಾದರಿಗೆ ಮರೆತುಬಿಡಬಹುದಾದಷ್ಟು ದುಡ್ಡು ಮಾತ್ರ. ಸರ್ಟಿಫಿಕೇಟ್ ಬಂದು ಉತ್ಪಾದನೆ ಶುರುವಾಗಿದ್ದರೆ ಕೆಲವು ಸಾವಿರ. ಉಳಿದ ಪೂರ್ತಿ ಹಣ, ನಿಮ್ಮ ಹೆಸರಿಗೆ ಒಂದು ಗಾಡಿಯ ಚಾಸಿಸ್ ನಂಬರ್, ಅಂದರೆ ಆ ಗಾಡಿಗೊಂದೇ ಇರುವ ಗುರುತಿನ ಸಂಖ್ಯೆ, ಬಂದ ಮೇಲೆ. "ಈಗಲೇ ಪೂರ್ತಿ ಕಟ್ಟಿದರೆ ಸಾಲಿನಲ್ಲಿ ಮುಂದೆ ಹಾಕುತ್ತೇವೆ" ಅಂತ ಕರೆ ಬಂದರೆ ಒಪ್ಪಬೇಡಿ. ಬೇಗ ದುಡ್ಡು ಬೇಕಾಗಿರುವುದು ಅವರಿಗೆ, ನಿಮಗಲ್ಲ.

ಸಾಧ್ಯವಾದರೆ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ. ಸರಕು ಬರದಿದ್ದರೆ ಬ್ಯಾಂಕಿಗೆ ತಕರಾರು ಕೊಟ್ಟು ಹಣ ವಾಪಸ್ ಕೇಳುವ ದಾರಿ ಇರುತ್ತದೆ. ಅದಕ್ಕೆ ಗಡುವು ಇದೆ, ಕಾರ್ಡಿನ ನಿಯಮ ನೋಡಿಕೊಳ್ಳಿ. ಯುಪಿಐಯಲ್ಲಿ ಕಳಿಸಿದ ಹಣಕ್ಕೆ ಆ ಅನುಕೂಲ ಕಡಿಮೆ.

ಕಟ್ಟುವ ವೆಬ್‌ಸೈಟ್ ಅಸಲಿಯೇ ಅಂತ ಎರಡು ಸಲ ನೋಡಿ. 2022ರಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಬುಕಿಂಗ್ ಹೆಸರಿನ ನಕಲಿ ಜಾಲತಾಣ ನಡೆಸಿ ಮೋಸ ಮಾಡಿದ ತಂಡವೊಂದನ್ನು ದೆಹಲಿ ಪೊಲೀಸರು ಹಿಡಿದರು. ಬಂಧಿತರಲ್ಲಿ ಬೆಂಗಳೂರಿನಲ್ಲಿ ಸಿಕ್ಕವರೂ ಇದ್ದರು. ಗೂಗಲ್‌ನಲ್ಲಿ ಮೊದಲು ಕಾಣುವ ಜಾಹೀರಾತಿನ ಕೊಂಡಿ ಒತ್ತಬೇಡಿ, ಕಂಪನಿಯ ಆ್ಯಪ್ ಮೂಲಕವೇ ಹೋಗಿ. ಅಪ್ಪಿತಪ್ಪಿ ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ಅಪರಾಧದ ಸಹಾಯವಾಣಿ.

ಮೂರನೇ ಹೆಜ್ಜೆ: ಷರತ್ತು ಓದಿ, ಓದಿದ್ದನ್ನು ಉಳಿಸಿಕೊಳ್ಳಿ

ಷರತ್ತುಗಳ ಪುಟ ಯಾರೂ ಓದುವುದಿಲ್ಲ, ಅಲ್ವಾ? ಇಲ್ಲಿ ಪೂರ್ತಿ ಓದುವುದೂ ಬೇಡ. ನಾಲ್ಕು ವಿಷಯ ಹುಡುಕಿ ಸಾಕು. ರಿಫಂಡ್ ಯಾವ ಹಂತದವರೆಗೆ ಸಿಗುತ್ತದೆ? ಬುಕ್ ಮಾಡಿದ ದಿನದ ಬೆಲೆಯೋ ಡೆಲಿವರಿ ದಿನದ ಬೆಲೆಯೋ? ಬಣ್ಣ, ಮಾಡೆಲ್ ಆಮೇಲೆ ಬದಲಿಸಬಹುದೇ? ಕಂಪನಿ ತಾನೇ ಬುಕಿಂಗ್ ರದ್ದು ಮಾಡಿದರೆ ಎಷ್ಟು ದಿನದಲ್ಲಿ ಹಣ ಬರುತ್ತದೆ?

ಮೊದಲ ಪ್ರಶ್ನೆಯಲ್ಲೇ ಜಾಸ್ತಿ ಜನ ಸಿಕ್ಕಿಬೀಳುವುದು. "ಪೂರ್ತಿ ರಿಫಂಡ್" ಅಂತ ದೊಡ್ಡದಾಗಿ ಬರೆದಿರುತ್ತದೆ. ಕೆಳಗೆ ಸಣ್ಣದಾಗಿ, ಬಣ್ಣ ಮತ್ತು ಮಾಡೆಲ್ ಖಚಿತಪಡಿಸಿದ ಮೇಲೆ ಇಲ್ಲ ಅಂತ ಇರಬಹುದು. ಹಾಗಿದ್ದರೆ ಆ್ಯಪ್‌ನಲ್ಲಿ "ಖಚಿತಪಡಿಸಿ" ಗುಂಡಿ ಒತ್ತುವ ಕ್ಷಣವೇ ನಿಮ್ಮ ನಿಜವಾದ ಖರೀದಿ. ಅದನ್ನು ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಲ್ಲಿ ಒತ್ತಬೇಡಿ.

ಬುಕ್ ಮಾಡಿದ ದಿನವೇ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಬೆಲೆ, ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್, ಯಾವ ಯಾವ ಸೌಲಭ್ಯ, ವಾರಂಟಿ, ಡೆಲಿವರಿ ತಿಂಗಳು, ಎಲ್ಲವೂ. ವೆಬ್‌ಸೈಟ್ ಬರಹ ಯಾವಾಗ ಬೇಕಾದರೂ ಬದಲಾಗುತ್ತದೆ. ಶೋರೂಂನವರು ಬಾಯಲ್ಲಿ ಹೇಳಿದ್ದನ್ನು "ನೀವು ಹೀಗೆ ಹೇಳಿದಿರಿ, ಸರಿ ತಾನೇ?" ಅಂತ ವಾಟ್ಸಾಪ್‌ನಲ್ಲಿ ಕಳಿಸಿ, ಒಂದು "ಹೌದು" ತರಿಸಿಕೊಳ್ಳಿ. ಮುಂದೆ ಜಗಳ ಬಂದರೆ ಆ ಒಂದು ಪದವೇ ಕೆಲಸಕ್ಕೆ ಬರುವುದು.

ನಾಲ್ಕನೇ ಹೆಜ್ಜೆ: ಬೆಲೆ ಏರುತ್ತದೆ ಅಂತಲೇ ಲೆಕ್ಕ ಹಾಕಿ

ಅಮೆರಿಕದ ರಿವಿಯನ್ ಕಂಪನಿ 2018ರಿಂದ ತನ್ನ ಪಿಕಪ್ ಟ್ರಕ್ ಮತ್ತು ಎಸ್‌ಯುವಿಗೆ ಬುಕಿಂಗ್ ತೆಗೆದುಕೊಂಡಿತ್ತು. 2022ರ ಮಾರ್ಚ್ 1ರಂದು ಬೆಲೆಯನ್ನು ಶೇಕಡಾ 17ರಿಂದ 20ರಷ್ಟು ಏರಿಸಿತು. ವರ್ಷಗಟ್ಟಲೆ ಕಾದವರಿಗೂ ಅದೇ ಹೊಸ ಬೆಲೆ ಎಂದಿತು. ಜನ ಸಿಡಿದೆದ್ದರು, ಬುಕಿಂಗ್ ರದ್ದು ಮಾಡತೊಡಗಿದರು. ಎರಡೇ ದಿನದಲ್ಲಿ ಕಂಪನಿ ಕ್ಷಮೆ ಕೇಳಿ, ಹಳೆಯ ಬುಕಿಂಗ್‌ಗಳಿಗೆ ಹಳೆಯ ಬೆಲೆಯೇ ಎಂದು ಒಪ್ಪಿಕೊಂಡಿತು. ಎಲ್ಲ ಕಂಪನಿಗಳೂ ಹೀಗೆ ಒಪ್ಪುತ್ತವೆ ಎಂದು ನಂಬಿ ಕೂರಬೇಡಿ.

ನಮ್ಮಲ್ಲಿ ಬೆಲೆ ಏರಲು ಇನ್ನೊಂದು ದೊಡ್ಡ ಕಾರಣ ಸಬ್ಸಿಡಿ. ಕೇಂದ್ರದ ಫೇಮ್-2 ಯೋಜನೆಯಲ್ಲಿ ಸ್ಕೂಟರ್ ಬ್ಯಾಟರಿಯ ಪ್ರತಿ ಕಿಲೋವ್ಯಾಟ್‌ಅವರ್‌ಗೆ (ಅಂದರೆ ಒಂದು ಯೂನಿಟ್ ಕರೆಂಟ್ ಹಿಡಿಯುವಷ್ಟಕ್ಕೆ) 15,000 ರೂಪಾಯಿ ಸಿಗುತ್ತಿತ್ತು, ಗಾಡಿ ಬೆಲೆಯ ಶೇಕಡಾ 40ರವರೆಗೆ. 2023ರ ಜೂನ್ 1ರಿಂದ ಅದನ್ನು 10,000ಕ್ಕೆ ಇಳಿಸಿ, ಮಿತಿಯನ್ನು ಶೇಕಡಾ 15ಕ್ಕೆ ತಂದರು. ಮೇ ತಿಂಗಳಲ್ಲಿ ಗಾಡಿ ಸಿಕ್ಕವರಿಗೂ ಜೂನ್‌ನಲ್ಲಿ ಸಿಕ್ಕವರಿಗೂ ಸಾವಿರಾರು ರೂಪಾಯಿ ವ್ಯತ್ಯಾಸ. 2024ರ ಅಕ್ಟೋಬರಿನಲ್ಲಿ ಶುರುವಾದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಇದು 5,000 ಮಾತ್ರ ಇತ್ತು, ಒಂದು ಗಾಡಿಗೆ ಹೆಚ್ಚೆಂದರೆ 10,000. 2025ರ ಏಪ್ರಿಲ್‌ನಲ್ಲಿ ಅದೂ ಅರ್ಧಕ್ಕೆ ಇಳಿಯಿತು. ನೀವು ಬುಕ್ ಮಾಡಿದ ದಿನದ ಸಬ್ಸಿಡಿಗೆ ಬೆಲೆಯಿಲ್ಲ, ಗಾಡಿ ಮಾರಾಟವಾಗುವ ದಿನದ ನಿಯಮವೇ ನಡೆಯುತ್ತದೆ. ಅಮೆರಿಕದಲ್ಲೂ ಇದೇ ಆಯಿತು. ಸ್ಲೇಟ್ ಎಂಬ ಹೊಸ ಕಂಪನಿ 2025ರ ಏಪ್ರಿಲ್‌ನಲ್ಲಿ ಸಬ್ಸಿಡಿ ಸೇರಿಸಿ 20,000 ಡಾಲರಿಗಿಂತ ಕಡಿಮೆಗೆ ಟ್ರಕ್ ಕೊಡುತ್ತೇವೆ ಅಂದಿತು. ಒಂದೂ ಟ್ರಕ್ ಮಾರುವ ಮೊದಲೇ, ಸೆಪ್ಟೆಂಬರ್ ಕೊನೆಗೆ ಆ ಸಬ್ಸಿಡಿಯೇ ಮುಗಿಯಿತು.

ಹಾಗಾಗಿ ಈಗಿನ ಆನ್‌ರೋಡ್ ಬೆಲೆಯ ಮೇಲೆ ಕನಿಷ್ಠ ಶೇಕಡಾ 20 ಸೇರಿಸಿ. ಅಷ್ಟು ಕೊಟ್ಟಾದರೂ ಈ ಗಾಡಿಯೇ ಬೇಕಾ ಅಂತ ಈಗಲೇ ನಿರ್ಧರಿಸಿ, ಆ ಮೊತ್ತವನ್ನು ಬರೆದಿಟ್ಟುಕೊಳ್ಳಿ. ಒಂದೂವರೆ ವರ್ಷ ಕಾದ ಮೇಲೆ ನಿರ್ಧರಿಸಲು ಹೊರಟರೆ "ಇಷ್ಟು ದಿನ ಕಾದಿದ್ದೀನಲ್ಲ" ಅನ್ನುವ ಮಾತೇ ಗೆದ್ದುಬಿಡುತ್ತದೆ.

ಬಿಲ್ಲಿನಲ್ಲಿ ಯಾವುದನ್ನು ಬಿಡಿಸಿ ತೋರಿಸಿದ್ದಾರೆ ಅನ್ನುವುದನ್ನೂ ಗಮನಿಸಿ. ಕೆಲವು ಕಂಪನಿಗಳು ಸಬ್ಸಿಡಿಯ ಬೆಲೆ ಮಿತಿಯೊಳಗೆ ಉಳಿಯಲು ಚಾರ್ಜರನ್ನೂ ಸಾಫ್ಟ್‌ವೇರನ್ನೂ ಬೇರೆಯಾಗಿ ಬಿಲ್ ಮಾಡಿದವು. 2023ರಲ್ಲಿ ಸರ್ಕಾರ ಅದನ್ನು ಪ್ರಶ್ನಿಸಿದ ಮೇಲೆ ಚಾರ್ಜರ್ ಹಣವನ್ನು ಗ್ರಾಹಕರಿಗೆ ವಾಪಸ್ ಕೊಡಬೇಕಾಯಿತು. ಇಂಥ ಸಮಯದಲ್ಲಿ ಬಿಲ್ ಕೈಯಲ್ಲಿದ್ದರೆ ಒಳ್ಳೆಯದು.

ಐದನೇ ಹೆಜ್ಜೆ: ಕಾಯುವಾಗ ಮಾಡಬೇಕಾದ ಕೆಲಸ

ಹಳೆಯ ಗಾಡಿ ಮಾರಬೇಡಿ. ಹೊಸದರ ಕೀಲಿ ಕೈಗೆ ಬರುವವರೆಗೂ ಬೇಡ. ಅದರ ಇನ್ಶೂರೆನ್ಸ್ ಮುಗಿಯುತ್ತಿದ್ದರೆ "ಹೇಗೂ ಹೊಸದು ಬರುತ್ತಲ್ಲ" ಅಂತ ಬಿಡಬೇಡಿ, ನವೀಕರಿಸಿ. ಟೈರ್ ಸವೆದಿದ್ದರೆ ಹಾಕಿಸಿ. ಮಳೆಗಾಲದಲ್ಲಿ ಸವೆದ ಟೈರಿನಲ್ಲಿ ಹೊಸ ಗಾಡಿಯ ಕನಸು ಕಾಣುತ್ತಾ ಓಡಾಡುವುದು ಒಳ್ಳೆಯದಲ್ಲ.

ಟೆಸ್ಟ್ ರೈಡ್ ಮಾಡದೆ ಬುಕಿಂಗ್ ಖಚಿತಪಡಿಸಬೇಡಿ. ನಿಮ್ಮ ಊರಿನಲ್ಲಿ ಶೋರೂಂ ಇಲ್ಲದಿದ್ದರೆ ಬೆಂಗಳೂರಿಗೆ ಬಂದಾಗ ಮಾಡಿ. ಇಬ್ಬರು ಕೂತು ಓಡಿಸಿ, ಸೇತುವೆಯ ಏರು ಹತ್ತಿಸಿ, ಗುಂಡಿ ಇರುವ ರಸ್ತೆಗೂ ತಗೊಂಡು ಹೋಗಿ. ಹಿಂದೆ ಕೂರುವವರು ಮನೆಯಲ್ಲಿ ಯಾರೋ ಅವರನ್ನೇ ಕರೆದುಕೊಂಡು ಹೋಗಿ. ಹಿಂದಿನ ಸೀಟು ಅಮ್ಮನಿಗೆ ಎತ್ತರ ಆಗುತ್ತೆ ಅನ್ನುವುದು ಯಾವ ವಿಡಿಯೋ ನೋಡಿದರೂ ತಿಳಿಯುವುದಿಲ್ಲ.

ಸರ್ವಿಸ್ ಸೆಂಟರ್ ಎಷ್ಟು ದೂರ ಅಂತ ನೋಡಿ. ಹೊಸ ಕಂಪನಿಯ ಗಾಡಿಯನ್ನು ಪಕ್ಕದ ಬೀದಿಯ ಮೆಕ್ಯಾನಿಕ್ ಮುಟ್ಟುವುದಿಲ್ಲ. ಅವನ ಹತ್ತಿರ ಸ್ಪೇರ್ ಇರುವುದಿಲ್ಲ, ಸಾಫ್ಟ್‌ವೇರ್ ತೆರೆಯಲೂ ಆಗುವುದಿಲ್ಲ. ನಿಮ್ಮ ಜಿಲ್ಲೆಯಲ್ಲಿ ಸರ್ವಿಸ್ ಇಲ್ಲದಿದ್ದರೆ, ಗಾಡಿ ಎಷ್ಟೇ ಚೆಂದ ಇದ್ದರೂ ಇನ್ನೊಂದು ವರ್ಷ ಬಿಡಿ ಅಂತಲೇ ನನ್ನ ಸಲಹೆ. ಇರುವ ಸರ್ವಿಸ್ ಸೆಂಟರಿಗೆ ಒಂದು ಶನಿವಾರ ಬೆಳಗ್ಗೆ ಸುಮ್ನೆ ಹೋಗಿ ನಿಂತುಕೊಳ್ಳಿ. ಎಷ್ಟು ಗಾಡಿ ಧೂಳು ಹಿಡಿದು ನಿಂತಿವೆ, ಬಂದವರು ಯಾವ ದನಿಯಲ್ಲಿ ಮಾತಾಡುತ್ತಿದ್ದಾರೆ ಅಂತ ಅರ್ಧ ಗಂಟೆ ನೋಡಿದರೆ ಸಾಕು. ಅಲ್ಲಿರುವವರ ಹತ್ತಿರ "ಸ್ಪೇರ್ ಬರಲು ಎಷ್ಟು ದಿನ ಆಯಿತು ಸರ್?" ಅಂತ ಕೇಳಿ. ಗೊಣಗುವುದಕ್ಕೆ ಕಾಯುತ್ತಿರುತ್ತಾರೆ, ಎಲ್ಲ ಹೇಳುತ್ತಾರೆ.

ಚಾರ್ಜಿಂಗ್ ವ್ಯವಸ್ಥೆ ಗಾಡಿ ಬರುವ ಮೊದಲೇ ಆಗಲಿ. ಸ್ಕೂಟರಿಗೆ ಅರ್ಥಿಂಗ್ ಸರಿಯಿರುವ ಒಂದು ಪ್ಲಗ್ ಪಾಯಿಂಟ್ ಸಾಮಾನ್ಯವಾಗಿ ಸಾಕು. ಕಾರಿಗೆ 15 ಆಂಪಿಯರ್ ಪಾಯಿಂಟ್ ಬೇಕು. ಅದರಲ್ಲಿ ಗಂಟೆಗೆ ಸುಮಾರು ಮೂರು ಯೂನಿಟ್ ತುಂಬುತ್ತದೆ, ಅಂದರೆ 30 ಕಿಲೋವ್ಯಾಟ್‌ಅವರ್ ಬ್ಯಾಟರಿಗೆ ಹತ್ತು ಗಂಟೆ. ಹಳೆಯ ಮನೆಯಾದರೆ ವೈರ್ ಆ ಲೋಡು ತಡೆಯುತ್ತದಾ ಅಂತ ಎಲೆಕ್ಟ್ರೀಷಿಯನ್‌ಗೆ ತೋರಿಸಿ. ಬೆಸ್ಕಾಂ ಆಗಲಿ ಹೆಸ್ಕಾಂ ಆಗಲಿ, ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಅಂತ ಇರುತ್ತದೆ. ಸಾಲದಿದ್ದರೆ ಹೆಚ್ಚಿಸಲು ಅರ್ಜಿ ಹಾಕಿ. ಬಾಡಿಗೆ ಮನೆಯಾದರೆ ಓನರ್ ಒಪ್ಪಿಗೆ, ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್ ಒಪ್ಪಿಗೆ. ಅಸೋಸಿಯೇಷನ್ ಮೀಟಿಂಗು ಅಂದಮೇಲೆ ಗೊತ್ತಲ್ಲ, ಗಾಡಿಗಿಂತ ಅದೇ ತಡ ಆಗಬಹುದು. ಮೊದಲೇ ಶುರು ಮಾಡಿ.

ಲೋನ್ ಬೇಕಿದ್ದರೆ ಬ್ಯಾಂಕಿಗೆ ಹೋಗಿ ಒಂದೇ ಪ್ರಶ್ನೆ ಕೇಳಿ: ಈ ಕಂಪನಿಯ ಗಾಡಿಗೆ ನೀವು ಸಾಲ ಕೊಡುತ್ತೀರಾ? ಹೊಸ ಕಂಪನಿಯ ಗಾಡಿಗೆ ಮರುಮಾರಾಟದ ಬೆಲೆ ಏನು ಅಂತ ಬ್ಯಾಂಕಿಗೂ ಅಂದಾಜಿರುವುದಿಲ್ಲ. ಹಾಗಾಗಿ ಕೆಲವರು ಕೊಡುವುದೇ ಇಲ್ಲ, ಕೆಲವರು ಡೌನ್ ಪೇಮೆಂಟ್ ಜಾಸ್ತಿ ಕೇಳುತ್ತಾರೆ. ಸಾಲ ಮಂಜೂರಾದ ಪತ್ರಕ್ಕೆ ಅವಧಿ ಇರುತ್ತದೆ, ತುಂಬಾ ಮುಂಚೆ ಮಾಡಿಸಿ ಪ್ರಯೋಜನವಿಲ್ಲ. ಬ್ಯಾಂಕು ಕಂಪನಿಗೆ ಹಣ ಕಳಿಸಿದ ದಿನದಿಂದ ಬಡ್ಡಿ ಶುರು. ಗಾಡಿ ಬರುವ ಮೊದಲೇ ಹಣ ಹೋದರೆ, ಇಲ್ಲದ ಗಾಡಿಗೆ ಇಎಂಐ ಕಟ್ಟುತ್ತಾ ಬಸ್ಸಲ್ಲಿ ಓಡಾಡಬೇಕಾಗುತ್ತದೆ. ಎಲೆಕ್ಟ್ರಿಕ್ ಗಾಡಿ ಸಾಲದ ಬಡ್ಡಿಗೆ 1.5 ಲಕ್ಷದವರೆಗೆ ತೆರಿಗೆ ವಿನಾಯಿತಿ ಇದೆ ಅಂತ ಶೋರೂಂನಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಆ ವಿನಾಯಿತಿ 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ.

ಆರನೇ ಹೆಜ್ಜೆ: ತಿಂಗಳಿಗೊಮ್ಮೆ ವಾಹನ್ ನೋಡಿ

ಕಂಪನಿಯ ಟ್ವೀಟ್, ಸಂಸ್ಥಾಪಕರ ಭಾಷಣ, ಕಾರ್ಖಾನೆಯ ಡ್ರೋನ್ ವಿಡಿಯೋ, ಇವೆಲ್ಲ ನೋಡಲು ಚೆಂದ. ಸತ್ಯ ಇರುವುದು ಸಾರಿಗೆ ಇಲಾಖೆಯ ವಾಹನ್ ಡ್ಯಾಶ್‌ಬೋರ್ಡಿನಲ್ಲಿ. ಪರಿವಾಹನ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು, ಲಾಗಿನ್ ಬೇಡ. ಕಂಪನಿವಾರು, ತಿಂಗಳುವಾರು, ರಾಜ್ಯವಾರು, ಆರ್‌ಟಿಓವಾರು ಎಷ್ಟು ಗಾಡಿ ನೋಂದಣಿಯಾಗಿವೆ ಅಂತ ಸಿಗುತ್ತದೆ. ಹಾಸನದವರು ಕೆಎ-13 ಆರಿಸಿ, ರಾಯಚೂರಿನವರು ಕೆಎ-36 ಆರಿಸಿ.

ಅಲ್ಲಿ ನೋಡಬೇಕಾದದ್ದು ಸಂಖ್ಯೆ ಏರುತ್ತಿದೆಯಾ ಅನ್ನುವುದು. ಮೊದಲ ತಿಂಗಳು ಹತ್ತು, ಮುಂದಿನದು ಐವತ್ತು, ಆಮೇಲೆ ಇನ್ನೂರು ಅಂತ ಹೋಗುತ್ತಿದ್ದರೆ ಕಾರ್ಖಾನೆ ಕುದುರಿಕೊಳ್ಳುತ್ತಿದೆ ಅಂತ ಅರ್ಥ. ನಾಲ್ಕೈದು ತಿಂಗಳು ಹತ್ತು ಇಪ್ಪತ್ತರಲ್ಲೇ ನಿಂತಿದ್ದರೆ ಏನೋ ಸಿಕ್ಕಿಕೊಂಡಿದೆ. ಕಂಪನಿ ಹೇಳುವ ಒಟ್ಟು ಬುಕಿಂಗನ್ನು ತಿಂಗಳ ನೋಂದಣಿಯಿಂದ ಭಾಗಿಸಿ. ಐವತ್ತು ಸಾವಿರ ಬುಕಿಂಗ್ ಇದ್ದು ತಿಂಗಳಿಗೆ ಐನೂರು ಗಾಡಿ ಹೊರಬರುತ್ತಿದ್ದರೆ ನೂರು ತಿಂಗಳು! ಅಷ್ಟು ಆಗುವುದಿಲ್ಲ, ಉತ್ಪಾದನೆ ಏರುತ್ತದೆ, ಬುಕ್ ಮಾಡಿದವರಲ್ಲಿ ಬಹಳ ಜನ ಬಿಟ್ಟುಹೋಗುತ್ತಾರೆ. ಆದರೂ "ಮುಂದಿನ ತಿಂಗಳು" ಅನ್ನುವ ಮಾತು ಎಷ್ಟು ಗಟ್ಟಿ ಅಂತ ಗೊತ್ತಾಗುತ್ತದೆ.

ಮೊದಲ ಗಾಡಿಗಳು ರಸ್ತೆಗೆ ಬಂದ ಮೇಲೆ ಓನರ್‌ಗಳನ್ನು ಹುಡುಕಿ ಮಾತಾಡಿ. ಪೆಟ್ರೋಲ್ ಬಂಕಲ್ಲಿ ಸಿಗುವುದಿಲ್ಲ, ಚಾರ್ಜಿಂಗ್ ಜಾಗದಲ್ಲಿ ಸಿಗುತ್ತಾರೆ. ಮೊದಲ ಲಾಟಿನ ಗಾಡಿ ತೆಗೆದುಕೊಳ್ಳುವುದು ನನಗಂತೂ ಇಷ್ಟವಿಲ್ಲ. ಓಲಾದ ಮೊದಲ ಸ್ಕೂಟರ್‌ಗಳು ಡೆಲಿವರಿ ಆದಾಗ ಹೇಳಿದ್ದ ನ್ಯಾವಿಗೇಶನ್, ಕ್ರೂಸ್ ಕಂಟ್ರೋಲ್ ಅದರಲ್ಲಿ ಇರಲಿಲ್ಲ, 2022ರ ಮಧ್ಯದ ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿ ಬಂದವು. ಮುಂದಿನ ಚಕ್ರ ಹಿಡಿದಿಡುವ ಫೋರ್ಕ್ ಬಗ್ಗೆ ದೂರುಗಳು ಬಂದು 2023ರ ಮಾರ್ಚ್‌ನಲ್ಲಿ ಕಂಪನಿ ಅದನ್ನು ಉಚಿತವಾಗಿ ಬದಲಿಸಿಕೊಡಲು ಮುಂದಾಯಿತು. ಹೊಸತನದ ಹುಚ್ಚು ಇದ್ದು, ಮನೆಯಲ್ಲಿ ಇನ್ನೊಂದು ಗಾಡಿ ಇದ್ದರೆ ಮೊದಲ ಲಾಟಿಗೆ ಹೋಗಿ. ದಿನಾ ಆಫೀಸಿಗೆ ಅದೊಂದೇ ಗಾಡಿ ಅಂತಾದರೆ ಆರು ತಿಂಗಳು ಬಿಟ್ಟು ತಗೊಳ್ಳಿ.

ಏಳನೇ ಹೆಜ್ಜೆ: ಬಿಟ್ಟುಬಿಡುವುದು ಯಾವಾಗ, ಹೇಗೆ

ಗಡುವು ಎರಡನೇ ಸಲ ಮುಂದೆ ಹೋಗಿ ಕಾರಣ ಹೇಳದಿದ್ದರೆ. ಕಸ್ಟಮರ್ ಕೇರ್ ಫೋನ್ ಎತ್ತುವುದನ್ನು ಬಿಟ್ಟರೆ. ಮೊದಲ ಗಾಡಿ ಕೊಡುವ ಮುಂಚೆಯೇ ಎರಡನೇ, ಮೂರನೇ ಮಾಡೆಲ್ ಘೋಷಿಸಿ ಅದಕ್ಕೂ ಬುಕಿಂಗ್ ತೆರೆದರೆ. ನಿಮ್ಮ ಹತ್ತಿರದ ಶೋರೂಂ ಸದ್ದಿಲ್ಲದೆ ಮುಚ್ಚಿದರೆ. ಇವುಗಳಲ್ಲಿ ಯಾವುದಾದರೂ ಎರಡು ಕಂಡರೆ ನಾನಾದರೆ ರಿಫಂಡ್ ಕೇಳುತ್ತೇನೆ.

ರಿಫಂಡನ್ನು ಆ್ಯಪ್‌ನಲ್ಲಿ ಕೇಳಿ, ಜೊತೆಗೆ ಮೇಲ್ ಕೂಡ ಕಳಿಸಿ. ಬುಕಿಂಗ್ ನಂಬರ್, ಕಟ್ಟಿದ ದಿನ, ಮೊತ್ತ, ಅವರದೇ ರಿಫಂಡ್ ಷರತ್ತಿನ ಸ್ಕ್ರೀನ್‌ಶಾಟ್, ಹದಿನೈದು ದಿನದ ಗಡುವು. ಕಟ್ಟಿ ಒಂದು ವರ್ಷ ದಾಟಿದ್ದರೆ ಇನ್ನೊಂದು ಮಾತು ಸೇರಿಸಿ. ಕಂಪನಿಗಳು ಠೇವಣಿ ಪಡೆಯುವ ಬಗೆಗಿನ 2014ರ ನಿಯಮಗಳ ಪ್ರಕಾರ, ಸರಕಿಗೆಂದು ಪಡೆದ ಮುಂಗಡ 365 ದಿನದೊಳಗೆ ಆ ಸರಕಿನ ಲೆಕ್ಕಕ್ಕೆ ಹೋಗಬೇಕು. ಇಲ್ಲದಿದ್ದರೆ ಅದು ಠೇವಣಿಯಾಗುತ್ತದೆ ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಗೆ ಉತ್ತರ ಕೊಡುವುದು ಯಾವ ಕಂಪನಿಗೂ ಇಷ್ಟವಾಗುವುದಿಲ್ಲ.

ಹಣ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ದೂರು ದಾಖಲಾದ ಮೇಲೆ ಸುಮ್ಮನಿದ್ದ ಕಂಪನಿಗಳೂ ಮಾತಾಡುವುದುಂಟು. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಇರುವ ಊರಿಗೆ ಅಲೆಯಬೇಕಿಲ್ಲ. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ವಕೀಲರು ಇಲ್ಲದೆ ನೀವೇ ವಾದಿಸಬಹುದು. ಎರಡು ವರ್ಷದೊಳಗೆ ದೂರು ಕೊಡಬೇಕು ಅನ್ನುವುದು ನೆನಪಿರಲಿ.

ಕಂಪನಿಯೇ ಮುಳುಗಿದರೆ? ಆಗ ಸಾಲ ಕೊಟ್ಟ ಬ್ಯಾಂಕುಗಳು ಮುಂದೆ, ಮುಂಗಡ ಕೊಟ್ಟ ಗ್ರಾಹಕರು ಬಹಳ ಹಿಂದೆ. ಆ ಹಣ ಹೋಯಿತು ಅಂತಲೇ ತಿಳಿಯಿರಿ. ಗಾಡಿ ಸಿಕ್ಕವರ ಪಾಡೂ ಸುಲಭವಲ್ಲ. ಅಮೆರಿಕದ ಫಿಸ್ಕರ್ 2024ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿದಾಗ ಅದರ ಓಷನ್ ಕಾರು ಕೊಂಡಿದ್ದ ಸಾವಿರಾರು ಜನರಿಗೆ ಸ್ಪೇರ್, ಸಾಫ್ಟ್‌ವೇರ್, ವಾರಂಟಿ ಎಲ್ಲವೂ ಪ್ರಶ್ನೆಯಾಯಿತು. ಕೊನೆಗೆ ಓನರ್‌ಗಳೇ ಸಂಘ ಕಟ್ಟಿಕೊಂಡು ದಾರಿ ಹುಡುಕಬೇಕಾಯಿತು. ಬೆಂಗಳೂರಿನ ರೇವಾ ಬೇರೆ ದಾರಿ ಕಂಡಿತು. 2001ರಲ್ಲಿ ರಸ್ತೆಗಿಳಿದ ಆ ಪುಟ್ಟ ಎಲೆಕ್ಟ್ರಿಕ್ ಕಾರಿನ ಕಂಪನಿಯನ್ನು 2010ರಲ್ಲಿ ಮಹೀಂದ್ರ ಕೊಂಡಿತು. ಎಂಟು ವರ್ಷದ ಬ್ಯಾಟರಿ ವಾರಂಟಿ ಎಂಬ ಮಾತು ಕೇಳಿದಾಗ, ಎಂಟು ವರ್ಷ ಈ ಕಂಪನಿ ಇರುತ್ತದಾ ಅಂತಲೂ ಕೇಳಿಕೊಳ್ಳಿ.

ಎಂಟನೇ ಹೆಜ್ಜೆ: "ಸರ್, ನಿಮ್ಮ ಗಾಡಿ ಬಂದಿದೆ"

ಈ ಕರೆ ಬಂದಾಗ ಖುಷಿಯಲ್ಲಿ ಎಲ್ಲ ಮರೆತುಹೋಗುತ್ತದೆ. ಅವಸರ ಬೇಡ. ಮೊದಲು ಚಾಸಿಸ್ ನಂಬರ್ ಕೇಳಿ. 17 ಅಕ್ಷರ ಮತ್ತು ಅಂಕಿಗಳಿರುತ್ತವೆ. ಹೆಚ್ಚಿನ ಕಂಪನಿಗಳಲ್ಲಿ ಹತ್ತನೆಯದು ತಯಾರಾದ ವರ್ಷ ಹೇಳುತ್ತದೆ: 'ಆರ್' ಅಂದರೆ 2024, 'ಎಸ್' ಅಂದರೆ 2025, 'ಟಿ' ಅಂದರೆ 2026. ಜನವರಿಯಲ್ಲಿ ಡೆಲಿವರಿ ಕೊಟ್ಟು ಹಿಂದಿನ ವರ್ಷದ ಗಾಡಿ ಕೊಡುತ್ತಿದ್ದರೆ ರಿಯಾಯಿತಿ ಕೇಳಲು ನಿಮಗೆ ಹಕ್ಕಿದೆ. ನಂಬರ್ ಕೈಗೆ ಬಂದ ಮೇಲೆ ಬಾಕಿ ಹಣ. ಇನ್ಶೂರೆನ್ಸ್ ಅವರಲ್ಲೇ ಮಾಡಿಸಬೇಕೆಂಬ ಕಡ್ಡಾಯವಿಲ್ಲ, ಹೊರಗೆ ಒಂದು ದರ ಕೇಳಿ. ಹೊಸ ದ್ವಿಚಕ್ರಕ್ಕೆ ಐದು ವರ್ಷದ, ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ. 10 ಲಕ್ಷ ಮೀರಿದ ಕಾರಾದರೆ ಬಿಲ್ಲಿನಲ್ಲಿ ಶೇಕಡಾ 1 ಟಿಸಿಎಸ್ (ಮಾರುವವರೇ ನಿಮ್ಮಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಸೇರಿರುತ್ತದೆ, ಅದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು.

ಆಯುಧಪೂಜೆಗೋ ಯುಗಾದಿಗೋ ಗಾಡಿ ಮನೆಗೆ ಬರಬೇಕು ಅಂತ ಎಲ್ಲರಿಗೂ ಆಸೆ. ಆ ವಾರ ಶೋರೂಂನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಗಾಡಿ ತಪಾಸಣೆಯೂ ಅರ್ಧಂಬರ್ಧ. ನಂಬಿಕೆ ಅಡ್ಡ ಬರದಿದ್ದರೆ ಆಷಾಢದಲ್ಲಿ ತೆಗೆದುಕೊಳ್ಳಿ. ಸಾಲಿನಲ್ಲಿ ಮುಂದಿರುವವರು "ಶ್ರಾವಣ ಬರಲಿ" ಅಂತ ಬಿಟ್ಟ ಗಾಡಿ ನಿಮಗೆ ಬೇಗ ಸಿಗಬಹುದು, ಶೋರೂಂನವರಿಗೂ ಸಮಾಧಾನವಾಗಿ ತೋರಿಸಲು ಬಿಡುವಿರುತ್ತದೆ.

ಹಗಲಲ್ಲೇ ಹೋಗಿ, ಮಳೆ ಇಲ್ಲದಾಗ ಹೋಗಿ. ನಿಂಬೆಹಣ್ಣು ಚಕ್ರದಡಿ ಇಡುವ ಮುಂಚೆ ಗಾಡಿ ಪೂರ್ತಿ ನೋಡಿ. ಚಾಸಿಸ್ ನಂಬರ್ ಬಿಲ್ಲಿನದಕ್ಕೆ ಹೊಂದುತ್ತದಾ, ಬ್ಯಾಟರಿ ಮತ್ತು ಚಾರ್ಜರ್ ನಂಬರ್ ವಾರಂಟಿ ಕಾರ್ಡಿನಲ್ಲಿದೆಯಾ, ಎಷ್ಟು ಕಿಲೋಮೀಟರ್ ಓಡಿದೆ, ಬಣ್ಣದಲ್ಲಿ ಗೀರು ಇದೆಯಾ. ಅಲ್ಲೇ ಚಾರ್ಜರ್ ಹಾಕಿಸಿ ಹತ್ತು ನಿಮಿಷ ಚಾರ್ಜ್ ಆಗುವುದನ್ನು ನೋಡಿ. ಆ್ಯಪ್‌ನಲ್ಲಿ ಗಾಡಿ ನಿಮ್ಮ ಫೋನ್ ನಂಬರಿಗೆ ಜೋಡಣೆಯಾಗುವವರೆಗೂ ಹೊರಡಬೇಡಿ. ಏನಾದರೂ ದೋಷ ಕಂಡರೆ "ಫಸ್ಟ್ ಸರ್ವಿಸಲ್ಲಿ ಮಾಡಿಕೊಡ್ತೀವಿ" ಅನ್ನುತ್ತಾರೆ. ಸರಿ ಅನ್ನಿ, ಆದರೆ ಡೆಲಿವರಿ ಪತ್ರದ ಮೇಲೆ ಅದನ್ನು ಬರೆಸಿ, ಅವರ ಸಹಿ ಹಾಕಿಸಿ, ಒಂದು ಫೋಟೋ ತೆಗೆದುಕೊಂಡ ಮೇಲೆ ನಿಮ್ಮ ಸಹಿ ಹಾಕಿ. ನಂಬರ್ ಪ್ಲೇಟ್ ಇಲ್ಲದೆ, "ಆರ್‌ಸಿ ಆಮೇಲೆ ಬರುತ್ತೆ, ಓಡಿಸ್ತಿರಿ" ಅಂದರೆ ಗಾಡಿಯನ್ನು ಅಲ್ಲೇ ಬಿಟ್ಟು ಬನ್ನಿ. ನೋಂದಣಿ ಆಗಿದೆಯಾ ಅಂತ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ, ನಿಮ್ಮ ಗಾಡಿಯ ವಿವರ ಕಂಡ ಮೇಲೆ ಹೋಗಿ ತನ್ನಿ.